ಐದು ಪಾತಿ, ಹನ್ನೆರಡು ಡಬ್ಬಿ

ಮನೆ, ಅಡುಗೆಮನೆಯ ಮೇಜು
ಫೆಬ್ರವರಿ ಹದಿನೇಳು, ಶನಿವಾರ

ಪ್ರೀತಿಯ ಮಗಳೇ,

ಮಧ್ಯಾಹ್ನ ಮೂರು ಗಂಟೆಯಾಯಿತು. ಬೆಳಿಗ್ಗೆ ಅಂಗಡಿ ತೆಗೆದವನು ಎರಡು ಬೀಗ ಬಿಚ್ಚಿಕೊಟ್ಟೆ, ಒಂದು ಕೀಲಿಗೆ ಅರ ಹಾಕಿದೆ, ಹನ್ನೊಂದೂವರೆಗೆ ಬಾಗಿಲೆಳೆದು ಮನೆಗೆ ಬಂದೆ. ಬಿಸಿಲಿದೆ, ಗಾಳಿ ಇಲ್ಲ. ಒಬ್ಬನಿಗೆ ಅಡುಗೆ ಮಾಡುವುದು ಇನ್ನೂ ಕೈಗೆ ಹತ್ತಿಲ್ಲ. ಇಬ್ಬರಿಗಾಗುವಷ್ಟು ಮಾಡಿ ಎರಡು ಹೊತ್ತು ಅದನ್ನೇ ತಿನ್ನುತ್ತೇನೆ. ತಟ್ಟೆ ತೊಳೆದಿಟ್ಟು, ಮೇಜು ಒರೆಸಿ, ಈಗ ಬರೆಯಲು ಕೂತಿದ್ದೇನೆ.

ನೀನು ಹೇಗಿದ್ದೀಯ? ಬೇಕರಿಯಲ್ಲಿ ಬೆಳಗಿನ ಪಾಳಿಯೋ, ಸಂಜೆಯದೋ? ಮೊದಲು ಅಲ್ಲಿದ್ದಾಗ ಒಲೆಯ ಮುಂದೆ ನಿಂತು ನಿಂತು ನಿನ್ನ ಪಾದ ಬಾತುಕೊಳ್ಳುತ್ತಿತ್ತು. ರಜೆಗೆ ಬಂದಾಗ ಬಕೆಟ್ಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಳಿಬಿಟ್ಟು ಕೂರುತ್ತಿದ್ದೆ. "ಕಾಲು ಬೇಯಿಸ್ತಾ ಇದ್ದೀಯೇನೇ? ಉಪ್ಪು ಸಾಕಾ ನೋಡು" ಎಂದು ಅಮ್ಮ ರೇಗಿಸುತ್ತಿದ್ದಳು. ಈಗಲೂ ಬಾತುಕೊಳ್ಳುತ್ತದೆಯೇ? ಹಾಸ್ಟೆಲಿನ ಕೋಣೆಗೆ ಕಿಟಕಿ ಇದೆಯೇ? ನನ್ನ ಆರೋಗ್ಯ ಪರವಾಗಿಲ್ಲ. ಬಲಗಣ್ಣಿಗೆ ಸ್ವಲ್ಪ ಮಂಜು ಕವಿದ ಹಾಗಿದೆ. ಸಣ್ಣ ಕೀಲಿಯಾದರೆ ಹಲ್ಲುಗಳನ್ನು ಬೆರಳಿನಲ್ಲೇ ಸವರಿ ನೋಡಿ ಅರ ಹಾಕುತ್ತೇನೆ. ಇಷ್ಟು ವರ್ಷ ಮಾಡಿದ ಕೆಲಸ, ಬೆರಳಿಗೇ ಗೊತ್ತಾಗುತ್ತದೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತು ಎಂದು ಹೇಳುವ ಮುಖ ನನಗಿಲ್ಲ. ಕಾಗದವಾದರೆ ಮನಸ್ಸು ಬಂದಾಗ ಒಡೆಯಬಹುದು, ಬಾರದಿದ್ದರೆ ಪೆಟ್ಟಿಗೆಯ ತಳಕ್ಕೆ ಹಾಕಬಹುದು. ಅಮ್ಮ ಹೋಗಿ ಮೂರು ತಿಂಗಳ ಮೇಲೆ ಹನ್ನೆರಡು ದಿನ. ನೀನು ಹೋಗಿ ಮೂರು ತಿಂಗಳ ಮೇಲೆ ಒಂಬತ್ತು ದಿನ. ಈ ಎರಡನ್ನೂ ಬೇರೆ ಬೇರೆ ಎಣಿಸಬೇಕಾಗಿ ಬಂದದ್ದು ಹೇಗೆ ಎಂದು ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಅದನ್ನು ಬರೆಯದೆ ಮುಂದಿನದನ್ನು ಬರೆಯಲು ನನಗೆ ಬರುವುದಿಲ್ಲ. ಮೂರನೆಯ ದಿನ ಈ ಮೇಜಿನ ಸುತ್ತ ಅಷ್ಟೊಂದು ಜನ ಕೂತಿದ್ದಾಗ, ಡಾಕ್ಟರು ಹೇಳಿದ್ದನ್ನು ನಿನ್ನ ಅಣ್ಣ ಎಲ್ಲರ ಮುಂದೆ ಹೇಳಿದ. ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ, ರಕ್ತ ತೆಳುವಾಗಿಸುವ ಮಾತ್ರೆ ದಿನಕ್ಕೊಂದು ತಪ್ಪದೆ ಒಳಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲ, ಜೂನ್ ತಿಂಗಳಿಂದ ಅಮ್ಮನ ರಕ್ತಪರೀಕ್ಷೆ ನೋಡಿದರೆ ಅದು ಔಷಧಿ ಮುಟ್ಟದವರ ರಕ್ತದ ಹಾಗಿತ್ತು ಎಂದ. ನೀನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರು ತಂದು ಅವನ ಮುಂದಿಟ್ಟೆ. ಸಂಜೆ ಆರಕ್ಕೆ ಮಾತ್ರೆ ಕೊಟ್ಟ ಮೇಲೆ ನೀನು ಎಳೆಯುತ್ತಿದ್ದ ಕೆಂಪು ಗೀಟು, ಒಂದು ದಿನವೂ ತಪ್ಪಿರಲಿಲ್ಲ. "ಗೀಟು ಹಾಕೋದಕ್ಕೇನು, ನಾನೂ ಹಾಕ್ತೀನಿ" ಎಂದ ಅವನು. ನೀನು ನನ್ನ ಕಡೆ ತಿರುಗಿ, "ಅಪ್ಪಾ, ನೀವಾದ್ರೂ ಹೇಳಿ" ಎಂದೆ. "ನನಗೇನಮ್ಮ ಗೊತ್ತು, ನಾನು ದಿನವಿಡೀ ಅಂಗಡೀಲಿರ್ತೀನಿ" ಎಂದೆ ನಾನು. ಆಮೇಲೆ ನೀನು ಸಂಜೆಯ ಬಸ್ಸಿಗೆ ಒಂದೇ ಚೀಲ ಹಿಡಿದು ಹೊರಟೆ. ಕ್ಯಾಲೆಂಡರನ್ನು ನಾನು ಮತ್ತೆ ಅದರ ಮೊಳೆಗೇ ಹಾಕಿದ್ದೇನೆ. ಹೊಸ ವರ್ಷದ್ದು ತಂದಿಲ್ಲ.

ಇವತ್ತು ಬರೆಯಲು ಕೂರಿಸಿದ್ದು ಬೀಜ. ಫೆಬ್ರವರಿಯ ಮೂರನೆಯ ಶನಿವಾರ ನಮ್ಮ ಮನೆಯ ಬೇಕು-ಬೇಡದ ದಿನ, ಮರೆತಿರಲಾರೆ. ಹಿತ್ತಲಿನ ಗೋಡೆಗುಂಟ ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ಪಾತಿಗಳು ಐದೇ, ಅಮ್ಮನ ಹತ್ತಿರ ಟೊಮೆಟೊ ಜಾತಿಗಳು ಹನ್ನೊಂದು. ಎಲ್ಲದಕ್ಕೂ ಜಾಗವಿಲ್ಲ. ಹಾಗಾಗಿ ಊಟವಾದ ಮೇಲೆ ಎಲ್ಲರೂ ಮೇಜಿನ ಸುತ್ತ ಕೂರಬೇಕು, ಒಬ್ಬೊಬ್ಬರೂ ಒಂದಕ್ಕೆ ಬೇಕು ಎನ್ನಬೇಕು, ಒಂದಕ್ಕೆ ಬೇಡ ಎನ್ನಬೇಕು, ಯಾಕೆ ಎಂದು ಕಾರಣ ಕೊಡಬೇಕು. ಕಾರಣ ಒಪ್ಪುವುದು ಬಿಡುವುದು ಅಮ್ಮನ ಇಷ್ಟ. ನಿನ್ನ ಅಣ್ಣ ಹತ್ತು ವರ್ಷದವನಿದ್ದಾಗ "ಎಲ್ಲಾ ಒಂದೇ ರುಚಿ" ಎಂದುಬಿಟ್ಟ. "ಇವನ ನಾಲಿಗೆಗೆ ತುಕ್ಕು ಹಿಡಿದಿದೆ, ನಿಮ್ಮಂಗಡಿಗೆ ಕರ್ಕೊಂಡು ಹೋಗಿ ಎಣ್ಣೆ ಬಿಡಿ" ಎಂದು ಅವಳು ನನಗೆ ಹೇಳಿದಳು, ಆ ವರ್ಷ ಅವನಿಗೆ ಮತವೇ ಇರಲಿಲ್ಲ. ನೀನು ಪ್ರತಿ ಸಲ ಬಲ್ಬು ಎನ್ನುವ ಜಾತಿಗೇ ಬೇಕು ಎನ್ನುತ್ತಿದ್ದೆ. ಕೈತುಂಬ ಹಳದಿ ಬಲ್ಬುಗಳನ್ನು ಕಿತ್ತು ತಂದು, ಕರೆಂಟ್ ಹೋದಾಗ "ಹಚ್ಚಲಾ?" ಎಂದು ಕೇಳುತ್ತಿದ್ದೆ.

ಜಾತಿಗಳ ನಿಜವಾದ ಹೆಸರು ನನಗೆ ಒಂದೂ ಗೊತ್ತಿಲ್ಲ. ಅಮ್ಮ ಇಟ್ಟದ್ದೇ ಹೆಸರು. ದುಂಡಗೆ ಕೆಂಪಗೆ ಯಾವ ತಕರಾರೂ ಇಲ್ಲದೆ ಬರುವುದು ಗುಂಡು. ಒಂದು ಮಳೆ ಬಿದ್ದರೆ ಸಿಪ್ಪೆ ಸೀಳಿಕೊಂಡು ನಿಲ್ಲುವುದು ಜಗಳಗಂಟಿ. ಎಲ್ಲರದ್ದೂ ಕೊಯ್ದು ಮುಗಿದ ಮೇಲೆ ಹಣ್ಣಾಗುವುದು ಸೋಮಾರಿ. ಹಸಿರು ಬಣ್ಣದಲ್ಲೇ ಹಣ್ಣಾಗಿ ನಮ್ಮನ್ನು ಏಮಾರಿಸುವುದು ಕಳ್ಳ. ಒತ್ತಿ ನೋಡದೆ ಗೊತ್ತಾಗುವುದಿಲ್ಲ. ಕೋಲು ಕೊಡದಿದ್ದರೂ ನೆಟ್ಟಗೆ ನಿಲ್ಲುವ ಗಿಡ್ಡನೆಯದು ಮೇಷ್ಟ್ರು. ಎದುರುಮನೆಯ ಬಸ್ ಡ್ರೈವರ್ ಎಲ್ಲಿಂದಲೋ ಬೀಜ ತಂದುಕೊಟ್ಟ ಉದ್ದನೆಯದಕ್ಕೆ ಡ್ರೈವರ್ ಎಂದೇ ಹೆಸರು. ರಸ ಕಡಿಮೆ, ತಿರುಳು ಹೆಚ್ಚು, ಬೇಯಿಸಿ ಬಾಟಲಿಗೆ ತುಂಬಲು ಅದೇ ಆಗಬೇಕು. ಕೆಂಪು ಕಪ್ಪಿಗೆ ತಿರುಗಿದ್ದು ಕರಿಯ. ಹೃದಯದ ಆಕಾರದ ದೊಡ್ಡದಕ್ಕೆ ಮೊದಲೆಲ್ಲ ಎತ್ತು ಎನ್ನುತ್ತಿದ್ದಳು, ಎದೆಯ ಆಪರೇಷನ್ ಆದ ಮೇಲೆ ನಂದು ಎನ್ನತೊಡಗಿದಳು. ಹೋದ ವರ್ಷ ಮೊದಲ ಹಣ್ಣು ಅಡ್ಡಕ್ಕೆ ಕೊಯ್ದು, ಒಳಗಿನ ಗೂಡುಗಳನ್ನು ನಮಗಿಬ್ಬರಿಗೂ ತೋರಿಸಿ, "ಡಾಕ್ಟರು ಚಿತ್ರದಲ್ಲಿ ತೋರಿಸಿದ್ರಲ್ಲ, ಹೀಗೇ. ಇದಕ್ಕೂ ಒಂದು ಕವಾಟ ಹಾಕ್ಬೇಕೇನೋ" ಎಂದಳು. ನೀನು ನಗಲಿಲ್ಲ. ನಾನು ನಕ್ಕೆ.

ಬೀಜ ತೆಗೆಯುವುದು ನೀನು ನೋಡಿ ಕಲಿತದ್ದೇ. ಎಲ್ಲಕ್ಕಿಂತ ಮೊದಲು ಹಣ್ಣಾದ, ಒಡೆಯದ, ಚೆಂದದ ಒಂದು ಹಣ್ಣನ್ನು ತಿನ್ನದೆ ಉಳಿಸಬೇಕು. ಬೀಜವನ್ನು ಅದರ ಲೋಳೆಯ ಸಮೇತ ಲೋಟದ ನೀರಿಗೆ ಹಾಕಿ ಮೂರು ದಿನ ಬಿಟ್ಟರೆ ಮೇಲೆ ನೊರೆ ಕಟ್ಟುತ್ತದೆ, ಅಡುಗೆಮನೆ ನಾರುತ್ತದೆ. ತೊಳೆದು ಕಾಗದದ ಮೇಲೆ ಹರಡಿದರೆ ಒಣಗುತ್ತದೆ. ಆಮೇಲೆ ನನ್ನ ಅಂಗಡಿಯ ತಗಡಿನ ಡಬ್ಬಿ. ಬೀಗದ ಸ್ಪ್ರಿಂಗುಗಳು ಬರುವ, ಅಂಗೈಯೊಳಗೆ ಹಿಡಿಯುವ ದುಂಡು ಡಬ್ಬಿಗಳು, ಮುಚ್ಚಳ ತಿರುಗಿಸಿದರೆ ಗಾಳಿ ಆಡದು. ಮುಚ್ಚಳದ ಮೇಲೆ ಹೆಸರು ಬರೆದ ಚೀಟಿ. ಒಮ್ಮೆ ಮುಚ್ಚಿದ ಡಬ್ಬಿಯನ್ನು ಬೇಕು-ಬೇಡದ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಕೈಯ ಬೆವರು ತಾಗಿದರೂ ಬೀಜ ಕೆಡುತ್ತದೆ ಎನ್ನುವುದು ಅವಳ ಕಾನೂನು. ನೀನು ಚಿಕ್ಕವಳಿದ್ದಾಗ ಒಂದನ್ನು ಗಿಲಕಿಯ ಹಾಗೆ ಅಲ್ಲಾಡಿಸಿದ್ದಕ್ಕೆ ಏಟು ತಿಂದಿದ್ದೆ. ಈ ಮನೆಯಲ್ಲಿ ಹಣದ ಪೆಟ್ಟಿಗೆಗೂ ಅಷ್ಟು ಕಾವಲಿರಲಿಲ್ಲ.

ಊಟವಾದ ಮೇಲೆ ಡಬ್ಬಿಗಳನ್ನು ಕಪಾಟಿನಿಂದ ಇಳಿಸಿ ಸಾಲಾಗಿ ಇಟ್ಟೆ. ನಾಲ್ಕು ಜನ ಕೂರುವ ಮೇಜಿಗೆ ಒಬ್ಬನೇ ಕೂತು ಬೇಕು ಎನ್ನುವುದು ಹೇಗೆ? ಮೊದಲು ನನ್ನ ಮತ ಹಾಕಿದೆ, ಗುಂಡು ಬೇಕು. ನಿನ್ನ ಅಣ್ಣನ ಪರವಾಗಿ ಗೋಲಿಗಾತ್ರದ ಗೊಂಚಲು ಹಣ್ಣು ಬೇಕು ಎಂದೆ, ಅವನ ಮಕ್ಕಳು ಬಂದರೆ ಗಿಡದಲ್ಲೇ ತಿಂದು ಮುಗಿಸುತ್ತಾರೆ. ಜಗಳಗಂಟಿ ಬೇಡ. ಅಷ್ಟರಲ್ಲಿ ಎದುರುಮನೆಯ ಡ್ರೈವರ್ ಬಾಗಿಲಲ್ಲಿ ಇಣುಕಿದರು. ಪ್ರತಿ ವರ್ಷ ಈ ದಿನ ಅವರು ಬರದೆ ಇರುವುದಿಲ್ಲ. "ಏನ್ ಸ್ವಾಮಿ, ಈ ಸಲ ಸಸಿ ಉಂಟೋ ಇಲ್ವೋ? ನನ್ನ ಹೆಸರಿನ ಹಣ್ಣು ನನಗೇ ಸಿಗದ ಹಾಗೆ ಮಾಡಿಬಿಟ್ಟೀರಿ ಮತ್ತೆ" ಎಂದರು. ಕೂರಿಸಿ ಕಾಫಿ ಕೊಟ್ಟೆ. ಡ್ರೈವರ್ ಬೇಕು ಎಂದು ಅವರೇ ಮತ ಹಾಕಿದರು. ಹೊರಡುವಾಗ ಲೋಟ ಕೆಳಗಿಟ್ಟು, "ಮಗಳು ಬಂದ್ಲಾ?" ಎಂದು ಕೇಳಿದರು. ಇಲ್ಲ ಎಂದೆ. "ಹದಿನಾಲ್ಕು ತಿಂಗಳು ಕೆಲಸ ಬಿಟ್ಟು ಬಂದು ನೋಡ್ಕೊಂಡಳು, ಅವಳೂ ಮನುಷ್ಯಳೇ ಅಲ್ವಾ, ನಾಲ್ಕು ದಿನ ಮಾತ್ರೆ ಮರೆತಿರ್ತಾಳೆ. ಬೀದೀಲಿ ಯಾರೂ ಅವಳನ್ನ ಕೆಟ್ಟವಳು ಅನ್ನಲ್ಲ ಸ್ವಾಮಿ. ಎಲ್ಲರೂ ಪಾಪ ಅಂತಾರೆ. ಬರೋದಕ್ಕೆ ಹೇಳಿ" ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನೀನು ಮಾಡದ ತಪ್ಪನ್ನು ಇಡೀ ಬೀದಿ ಕ್ಷಮಿಸಿ ಕೂತಿದೆ ಎಂದು ನನಗೆ ಆಗ ಗೊತ್ತಾಯಿತು. ನಾನು ಹೂಂ ಎಂದು ಬಾಗಿಲವರೆಗೆ ಹೋಗಿ ಕಳಿಸಿಬಂದೆ.

ವಾಪಸು ಬಂದು ಡಬ್ಬಿಗಳನ್ನು ಎಣಿಸಿದೆ. ಹನ್ನೊಂದಿರಬೇಕಾದಲ್ಲಿ ಹನ್ನೆರಡಿದ್ದವು. ಹನ್ನೆರಡನೆಯದರ ಮುಚ್ಚಳದ ಮೇಲೆ ಅಮ್ಮನ ಅಕ್ಷರದಲ್ಲಿ ಈ ವರ್ಷಕ್ಕಲ್ಲ ಎಂದು ಬರೆದ ಚೀಟಿ ಇತ್ತು. ತಿರುಗಿಸಿ ತೆಗೆದರೆ ಅದರಲ್ಲಿ ಬೀಜ ಸಿಗಲಿಲ್ಲ, ಮಾತ್ರೆಗಳು ಸಿಕ್ಕವು. ಅಮ್ಮನ ಮಾತ್ರೆಗಳು. ಕೆಳಗೆ ಬಿಳಿಯವು, ಮೇಲೆ ನೀಲಿಯವು. ಜುಲೈನಲ್ಲಿ ಡಾಕ್ಟರು ಸಾಲದು ಎಂದು ಹೆಚ್ಚಿನ ಬಲದ್ದು ಬರೆದುಕೊಟ್ಟರಲ್ಲ, ಆ ನೀಲಿಯವು. ಒಂದೊಂದರದ್ದೂ ಅಂಚು ಸ್ವಲ್ಪ ಕರಗಿದೆ, ಕೆಲವು ಒಂದಕ್ಕೊಂದು ಅಂಟಿಕೊಂಡು ಒಣಗಿವೆ. ಮೇಜಿನ ಮೇಲೆ ಕಾಗದ ಹಾಸಿ ಸುರಿದು ಎಣಿಸಿದೆ. ನೂರ ನಲವತ್ತೊಂದು.

ನೀನು ಕೊಟ್ಟಿದ್ದೆ. ನೀರಿನ ಲೋಟ ಹಿಡಿದು ಎದುರಿಗೇ ನಿಲ್ಲುತ್ತಿದ್ದೆ, ಒಮ್ಮೊಮ್ಮೆ "ಬಾಯಿ ತೆಗಿ, ನಾಲಿಗೆ ಎತ್ತು" ಎಂದೂ ನೋಡುತ್ತಿದ್ದೆ. "ನನ್ನ ಮಗಳು ಜೈಲರ್ ಆಗ್ಬಿಟ್ಟಿದ್ದಾಳೆ" ಎಂದು ಅಮ್ಮ ಬೈದುಕೊಂಡೇ ಬಾಯಿ ತೆಗೆಯುತ್ತಿದ್ದಳು. ಬಲಗಡೆ ದವಡೆ ಹಲ್ಲು ಬಿದ್ದ ಸಂದಿದೆಯಲ್ಲ, ಅದರೊಳಗೆ ಒತ್ತಿಕೊಂಡಿರುತ್ತಿದ್ದಳು. ಆಮೇಲೆ ಗಿಡಕ್ಕೆ ನೀರು ಹಾಕಿ ಬರುತ್ತೇನೆ ಎಂದು ಹಿತ್ತಲಿಗೆ. ಆ ಮಾತ್ರೆ ಶುರುವಾದ ಮೇಲೆ ಅವಳ ಕೈ ಹೇಗಾಗಿತ್ತು, ನೆನಪಿದೆಯಲ್ಲ? ಬಾಗಿಲ ಚಿಲಕ ತಾಗಿದರೂ ನೀಲಿ. ಗಿಡ ಕಟ್ಟುವ ತಂತಿ ಒಮ್ಮೆ ಗೀರಿದ್ದಕ್ಕೆ ಎರಡು ಟವೆಲ್ಲು ತೊಯ್ದು ಹೋಯಿತು. ನೀನು ಹೆದರಿ ಅವಳ ಕತ್ತರಿ, ಕುಡುಗೋಲು, ತಂತಿಯ ಸುರುಳಿ ಎಲ್ಲವನ್ನೂ ಹಿಟ್ಟಿನ ಡಬ್ಬದೊಳಗೆ ಹುಗಿದಿಟ್ಟೆ. ಅವಳು ಕಿಟಕಿಯ ಹತ್ತಿರ ಕೂತು ಪಾತಿ ನೋಡುತ್ತಿದ್ದಳು. ಜೂನ್ ಹೊತ್ತಿಗೆ ಕೈಯ ನೀಲಿಯೆಲ್ಲ ಹೋಯಿತು. "ಅಪ್ಪಾ, ಅಮ್ಮನಿಗೆ ಮಾತ್ರೆ ಒಗ್ಗಿತು ನೋಡಿ" ಎಂದು ನೀನು ಅಂಗಡಿಗೆ ಬಂದು ಹೇಳಿದೆ, ನಿನಗೆ ಆ ದಿನ ಎಷ್ಟು ಖುಷಿಯಾಗಿತ್ತು. ಕತ್ತರಿಯನ್ನು ನೀನೇ ಹುಡುಕಿ ಅವಳ ಕೈಗೆ ಕೊಟ್ಟೆ.

ಬೀಜವಲ್ಲದ ಮೇಲೆ ಬಿಸಾಡಬಹುದಿತ್ತಲ್ಲ ಎಂದು ನಿನಗೆ ಅನ್ನಿಸಬಹುದು. ಮೋರಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಿಮ್ಮಮ್ಮ ಬಿಸಾಡುವ ಹೆಂಗಸಲ್ಲ. ಡೊಂಕಾದ ಮೊಳೆ, ಗಂಟು ಬಿದ್ದ ದಾರ, ಒಡೆದ ಲೋಟದ ಹಿಡಿ, ಯಾವುದನ್ನು ಬಿಸಾಡಿದಳು? ನಾಳೆಗೆ ಬೇಕಾದೀತು ಎನ್ನುತ್ತಿದ್ದಳು.

ನಾಲ್ಕು ಪಾತಿಗೆ ಆರಿಸಿದ್ದಾಯಿತು. ಗುಂಡು, ಗೋಲಿ, ಡ್ರೈವರ್, ಮತ್ತು ಅಮ್ಮನ ಲೆಕ್ಕದಲ್ಲಿ ಕರಿಯ. ನಂದು ಎಂದು ಅವಳು ಕರೆಯುತ್ತಿದ್ದುದಕ್ಕೆ ನಾನು ಬೇಡ ಎಂದೆ, ಕಾರಣ ಕೇಳುವವರು ಇರಲಿಲ್ಲ. ಅದನ್ನು ಅಡ್ಡಕ್ಕೆ ಕೊಯ್ಯಲು ನನ್ನಿಂದಾಗದು. ಐದನೆಯ ಪಾತಿ ನಿನ್ನದು. ಬಲ್ಬಿನ ಇಪ್ಪತ್ತು ಬೀಜ ಈ ಲಕೋಟೆಯೊಳಗೆ ಸಣ್ಣ ಪೊಟ್ಟಣದಲ್ಲಿದೆ. ಅಷ್ಟೇ ಬೀಜ ಇಲ್ಲಿ ಡಬ್ಬಿಯಲ್ಲೂ ಇದೆ. ಇಲ್ಲಿ ಹಾಕು ಎಂದು ಬರೆದರೆ ಇಲ್ಲಿ ಹಾಕುತ್ತೇನೆ. ನಿನ್ನ ಕೋಣೆಗೆ ಕಿಟಕಿಯಿದ್ದು, ಅದಕ್ಕೆ ಬಿಸಿಲೂ ಬರುವುದಾದರೆ ಅಲ್ಲೇ ಒಂದು ಕುಂಡದಲ್ಲಿ ಹಾಕಿಕೋ. ಬೇಡ ಎಂದರೆ ಬೇಡ. ಮಣ್ಣನ್ನು ನಾನು ಅಗೆದು ಹದ ಮಾಡಿಟ್ಟಿದ್ದೇನೆ, ಅದು ಕಾಯುತ್ತದೆ. ನೀನು ಬಾ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಬರೆಯುತ್ತಿಲ್ಲ. ಬರಬೇಕೋ ಬೇಡವೋ ಎನ್ನುವುದನ್ನು ಕೆಳಗಿನದ್ದನ್ನೂ ಓದಿದ ಮೇಲೆ ನೀನೇ ತೀರ್ಮಾನಿಸು.

ಚೆನ್ನಾಗಿ ಉಣ್ಣು. ಒಲೆಯ ಹತ್ತಿರ ಉದ್ದ ತೋಳಿನ ಅಂಗಿ ಹಾಕಿಕೋ. ಕಾಲಿಗೆ ಗಟ್ಟಿ ಅಟ್ಟೆಯ ಚಪ್ಪಲಿ ಕೊಂಡುಕೋ. ನಿನಗೆ ಒಳ್ಳೆಯದಾಗಲಿ ಎಂದು ದಿನವೂ ಅಂದುಕೊಳ್ಳುತ್ತೇನೆ. ಅದನ್ನು ಆಶೀರ್ವಾದ ಎಂದು ಕರೆಯುವ ಹಕ್ಕು ಉಳಿದಿದ್ದರೆ ಹಾಗೆಂದೇ ತಿಳಿದುಕೋ.

ನಿನ್ನ
ಅಪ್ಪ

ಮತ್ತೆ:

ನಾಲ್ಕೂವರೆಯಾಗಿದೆ, ಐದಕ್ಕೆ ಅಂಚೆಯವನು ಮೂಲೆಯ ಪೆಟ್ಟಿಗೆ ಖಾಲಿ ಮಾಡುತ್ತಾನೆ. ಬೇಗ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ. ಮೇಲೆ ಮಾತ್ರೆಗಳು ಸಿಕ್ಕವು ಎಂದು ಬರೆದೆ. ಅದು ಸುಳ್ಳು. ಎಣಿಸಿದ್ದು ಇವತ್ತು, ಆದರೆ ಆ ಡಬ್ಬಿ ಎಲ್ಲಿದೆ, ಅದರಲ್ಲಿ ಏನಿದೆ ಎಂದು ನನಗೆ ಮೇ ತಿಂಗಳಿಂದ ಗೊತ್ತಿತ್ತು.

ಮೇ ಇಪ್ಪತ್ತಮೂರು. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ, ಬೇಗ ಬಾಗಿಲು ಹಾಕಿ ಓಣಿಯ ಕಡೆಯಿಂದ ಹಿತ್ತಲಿಗೆ ಬಂದೆ. ಅಮ್ಮ ಮೂರನೆಯ ಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಾಯಿಂದ ಮಾತ್ರೆ ಅಂಗೈಗೆ ಉಗಿದು, ಹೆಬ್ಬೆರಳಲ್ಲಿ ಮಣ್ಣಿನೊಳಗೆ ಒತ್ತುತ್ತಿದ್ದಳು. ನನ್ನನ್ನು ನೋಡಿ, "ನೋಡ್ಬಿಟ್ರಾ" ಎಂದಳು. ನೀನು ಒಳಗೆ ಪಾತ್ರೆ ತೊಳೆಯುತ್ತಿದ್ದೆ, ಸದ್ದು ಕೇಳುತ್ತಿತ್ತು. "ಏನೇ ಇದು?" ಎಂದೆ. ಕೈ ಚಾಚಿ ತೋರಿಸಿದಳು. "ರೀ, ನೋಡಿ, ನಾಲ್ಕು ದಿನದಿಂದ ಬಿಟ್ಟಿದ್ದೀನಿ, ನೀಲಿ ಇಳೀತಾ ಇದೆ. ಈ ಒಂದು ಬೆಳೆ ನನ್ನ ಕೈಯಾರೆ ಮಾಡ್ಕೋತೀನಿ. ಕಿಟಕೀಲಿ ಕೂತು ನೋಡೋದು ನನ್ನಿಂದಾಗಲ್ಲ. ಬೆಳೆ ಮುಗಿದ ಮೇಲೆ ನುಂಗ್ತೀನಿ, ನಿಮ್ಮಾಣೆ. ಅವಳಿಗೆ ಹೇಳ್ಬೇಡಿ, ಅತ್ತುಬಿಡ್ತಾಳೆ." ನಾನು ಏನು ಹೇಳಿದೆ ಗೊತ್ತೇ? "ಮಣ್ಣಿಗೆ ಹಾಕಬೇಡ, ಗಿಡಕ್ಕೇನಾದರೂ ಆದೀತು" ಎಂದೆ. ಅಷ್ಟೇ ಹೇಳಿದ್ದು. ಮಾರನೆಯ ದಿನ ಅಂಗಡಿಯಿಂದ ಒಂದು ಖಾಲಿ ಡಬ್ಬಿ ತಂದು ಅವಳ ಕೈಗೆ ಕೊಟ್ಟವನು ನಾನು. ಯಾರೂ ಮುಟ್ಟದ ಜಾಗ ಬೇಕಿತ್ತು ಅವಳಿಗೆ. ಅಂಥ ಜಾಗ ಈ ಮನೆಯಲ್ಲಿ ಅದೊಂದೇ.

ಆಮೇಲೆ ಪ್ರತಿ ತಿಂಗಳೂ ಡಾಕ್ಟರು ನಿನ್ನನ್ನು ಕೇಳಿದಾಗ, ನೀನು ಮನೆಗೆ ಬಂದು ಮಾತ್ರೆಯ ಸ್ಟ್ರಿಪ್ಪುಗಳನ್ನು ಮತ್ತೆ ಮತ್ತೆ ಎಣಿಸಿದಾಗ, "ನಾನೆಲ್ಲಿ ತಪ್ಪುತ್ತಿದ್ದೀನಿ ಅಪ್ಪಾ" ಎಂದು ಈ ಮೇಜಿಗೇ ತಲೆಯಿಟ್ಟು ಕೂತಾಗ, ನಾನು ಇಲ್ಲೇ ಕೂತಿದ್ದೆ. ಅವಳು ಮೊದಲಿನ ಹಾಗೆ ಮಂಡಿಯವರೆಗೆ ಮಣ್ಣು ಮಾಡಿಕೊಂಡು ಒಳಗೆ ಬರುವುದು ನನಗೆ ಇಷ್ಟವಾಗಿತ್ತು. ಅದಕ್ಕೆ ಸುಮ್ಮನಿದ್ದೆ. ಸೆಪ್ಟೆಂಬರಿನಲ್ಲಿ ಒಮ್ಮೆ ಸಾಕು ಇನ್ನು ಎಂದೆ. "ಕರಿಯ ಇನ್ನೂ ಹಣ್ಣಾಗಬೇಕು" ಎಂದಳು. ಮತ್ತೆ ಕೇಳಲಿಲ್ಲ. ಮೇ ಇಪ್ಪತ್ತನಾಲ್ಕರಿಂದ ಅವಳು ಬಿದ್ದ ದಿನದವರೆಗೆ ನಿನ್ನ ಗೀಟುಗಳು ನೂರ ಅರವತ್ತಮೂರು, ಡಬ್ಬಿಯಲ್ಲಿ ಇಪ್ಪತ್ತೆರಡು ಕಡಿಮೆ. ಆ ಇಪ್ಪತ್ತೆರಡು ದಿನ ನುಂಗಿರಬೇಕು. ನೀನು ಅತ್ತ ದಿನಗಳಿರಬಹುದು ಅವು.

ದಿನಕ್ಕೆರಡು ಸಾಲು ಬರೆದಿಡುವ ನನ್ನ ಪುಸ್ತಕ ತೆಗೆದು ನೋಡಿದೆ. ಮೇ ಇಪ್ಪತ್ತಮೂರಕ್ಕೆ ಸೆಕೆ, ಕರೆಂಟ್ ಇಲ್ಲ, ಮೂರು ಬೀಗ ಎಂದಿದೆ. ಅದರಲ್ಲೂ ಬರೆದಿಲ್ಲ. ಆಮೇಲೆ ಆ ಮೂರನೆಯ ದಿನ, ಅಷ್ಟು ಜನರೆದುರು ನೀನು ನನ್ನ ಕಡೆ ತಿರುಗಿದಾಗ, ಹೇಳಿದರೆ ಎಲ್ಲರೂ ನನ್ನನ್ನು ನೋಡುತ್ತಾರೆ ಎಂದು ಹೆದರಿ ನಿನ್ನನ್ನು ನೋಡಲು ಬಿಟ್ಟೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ನನಗೆ ತಿಳಿಯದು, ಕೇಳುತ್ತಿಲ್ಲ. ನಿನ್ನ ಅಣ್ಣನಿಗೆ ಹೇಳುತ್ತೇನೆ, ಡಾಕ್ಟರಿಗೆ ಹೇಳುತ್ತೇನೆ, ಎದುರುಮನೆಗೆ ಹೋಗಿ ಹೇಳುತ್ತೇನೆ. ಫೋನಿನಲ್ಲಿ ಅಲ್ಲ, ಎದುರು ಕೂತು.

ನಾಳೆ ಅಮ್ಮನ ಬಟ್ಟೆಗಳನ್ನು ವಿಂಗಡಿಸಲು ನಿನ್ನ ಅಣ್ಣ ಹತ್ತೂವರೆಯ ಬಸ್ಸಿಗೆ ಬರುತ್ತಾನೆ.